ಜೇನುಬಂಡೆಗೆ ಬಿದ್ದ ಬೈಗುಳ

ನಮ್ಮ ರಾಮನಗರದಲ್ಲಿ ಯಾರಾದರೂ ನಿಮ್ಮ ಸಾಮಾನನ್ನು ಬಾಯ್ತುಂಬ ಹೊಗಳಿದರೆ ನೀವು ಅದನ್ನು ಗಂಟು ಕಟ್ಟಿಕೊಂಡು ಮನೆಗೆ ಹೊರಡಬಹುದು. ಅದು ಬಿಕರಿಯಾಗುವುದಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಅಪ್ಪನ ಪಂಚೆ ಹಿಡಿದು ಓಡಾಡಿದ ಮಕ್ಕಳಿಗೆಲ್ಲ ಇದು ಮಗ್ಗಿ ಬಾಯಿಪಾಠವಾಗುವುದಕ್ಕೂ ಮೊದಲೇ ಗೊತ್ತಾಗುವ ಸಂಗತಿ. ನಮ್ಮಪ್ಪ ಮೂಟೆ ಬಿಚ್ಚಿ ಗೂಡನ್ನು ತೊಟ್ಟಿಗೆ ಸುರಿದು ಪಕ್ಕದಲ್ಲಿ ನಿಲ್ಲುತ್ತಿದ್ದರು. ನೂಲು ತೆಗೆಯುವ ರೀಲರುಗಳು ಒಬ್ಬೊಬ್ಬರಾಗಿ ಬರುತ್ತಿದ್ದರು. ಒಬ್ಬ ಮೊಣಕೈವರೆಗೂ ಕೈ ತೂರಿಸಿ, ತಳದಿಂದ ಒಂದು ಗೂಡು ಹೆಕ್ಕಿ, ಕಿವಿಯ ಹತ್ತಿರ ಅಲ್ಲಾಡಿಸಿ, ಹರಳೆಣ್ಣೆ ಕುಡಿದವನ ಹಾಗೆ ಮುಖ ಮಾಡಿ, ಜಳ್ಳು ಅನ್ನುತ್ತಿದ್ದ. ಗೂಡು ಕೊರೆಯುವ ಊಜಿ ನೊಣ ಹೊಡೆದಿದೆ ಅನ್ನುತ್ತಿದ್ದ. ಇದನ್ನು ಬೆಳೆದವರ ಕೈಗೆ ಹಗ್ಗ ಹೊಸೆಯುವ ಕೆಲಸ ಕೊಡಬೇಕು ಅನ್ನುತ್ತಿದ್ದ. ಅಪ್ಪನ ಮುಖ ಅರಳುತ್ತಿತ್ತು. ಇನ್ನೊಬ್ಬ ಬಂದು ಬೆರಳ ತುದಿಯಲ್ಲಿ ಮುಟ್ಟಿ, ಬಂಗಾರದಂಥ ಗೂಡು ಗೌಡರೇ ಎಂದು ಬೆನ್ನು ತಟ್ಟಿದರೆ ಅಪ್ಪ ಮುಖ ಸಪ್ಪಗೆ ಮಾಡಿಕೊಂಡು ಬೀಡಿ ಹಚ್ಚುತ್ತಿದ್ದರು. ತಟ್ಟಿದವನು ಆಗಲೇ ಮುಂದಿನ ತೊಟ್ಟಿಗೆ ಹೋಗಿರುತ್ತಿದ್ದ.

ಬೈದವನೇ ಕೊಳ್ಳುವವನು. ಬೈದರೆ ರೇಟು ಇಳಿದೀತೆಂಬ ಆಸೆಯಿಂದ ಶುರುವಾದ ಈ ಚಾಳಿ ಆಮೇಲೆ ಮಾರುಕಟ್ಟೆಯ ಗೇಟು ದಾಟಿ ಊರಿಗೆಲ್ಲ ಅಂಟಿಕೊಂಡಿತು. ಹೆಣ್ಣು ನೋಡಲು ಹೋದ ಮನೆಯಲ್ಲಿ ನಮ್ಮವರು ಉಪ್ಪಿಟ್ಟು ಸಪ್ಪೆ ಎಂದರೆ ಸಂಬಂಧ ಕುದುರಿತು ಎಂದು ತಿಳಿಯಬೇಕು. ಉಪ್ಪಿಟ್ಟು ಬಹಳ ಚೆನ್ನಾಗಿತ್ತು ಎಂದು ಎದ್ದರೆ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ. ಹೊರಗಿನವರು ಎಂದರೆ ದೂರದವರಲ್ಲ, ಬಸ್ಸು ಹತ್ತಿ ಒಂದು ತೂಕಡಿಕೆ ತೂಕಡಿಸುವುದರೊಳಗೆ ಸಿಗುವ ಚನ್ನಪಟ್ಟಣದವರು.

ಇಂಥ ಊರಿನಲ್ಲಿ ನಾನು ಕಂಪ್ಯೂಟರ್ ಆಟದ ಅಂಗಡಿ ಇಟ್ಟೆ. ಅದಕ್ಕೆ ಮೊದಲು ಅದು ಎಸ್‌ಟಿಡಿ ಬೂತು. ಎಲ್ಲರ ಜೇಬಿನಲ್ಲೂ ಮೊಬೈಲ್ ಕುಣಿಯತೊಡಗಿದ ಮೇಲೆ ಬೂತಿಗೆ ನೊಣವೂ ಬರಲಿಲ್ಲ. ಗಾಜಿನ ಗೂಡು ಕಿತ್ತುಹಾಕಿ, ಬೆಂಗಳೂರಿನ ಯಾವುದೋ ಆಫೀಸು ಎಸೆದ ನಾಲ್ಕು ಕಂಪ್ಯೂಟರುಗಳನ್ನು ತಂದು ಕೂರಿಸಿದೆ. ಬಿಡದಿ ಕಡೆ ಒಂದರ ಹಿಂದೊಂದು ಫ್ಯಾಕ್ಟರಿ ಏಳುತ್ತಿದ್ದ ಕಾಲ ಅದು. ಹಿಪ್ಪುನೇರಳೆ ತೋಟಗಳು ಸೈಟುಗಳಾಗುತ್ತಿದ್ದವು. ಬೂದು ಬಣ್ಣದ ಯೂನಿಫಾರಂ ಹಾಕಿಕೊಂಡ ಹುಡುಗರನ್ನು ಕಂಪನಿ ಬಸ್ಸು ತಂದು ಸರ್ಕಲ್ಲಿನಲ್ಲಿ ಸುರಿದು ಹೋಗುತ್ತಿತ್ತು. ಅವರಲ್ಲಿ ಕೆಲವರು ಮನೆಗೆ ಹೋಗುವ ಬದಲು ನನ್ನ ಅಂಗಡಿಗೆ ಬಂದು ಕಾರು ಓಡಿಸುವ ಆಟ ಆಡುತ್ತಿದ್ದರು. ದಿನವಿಡೀ ಗಾಡಿಯ ಬಿಡಿಭಾಗ ಜೋಡಿಸಿ, ಸಂಜೆ ಮತ್ತೆ ದುಡ್ಡು ಕೊಟ್ಟು ಗಾಡಿಯ ಎದುರು ಕೂರುವವರನ್ನು ಕಂಡರೆ ನನಗೆ ಇವತ್ತಿಗೂ ನಗು ಬರುತ್ತದೆ.

ಕಂಪ್ಯೂಟರುಗಳು ಕೆಟ್ಟರೆ ರಿಪೇರಿ ಮಾಡುತ್ತಿದ್ದವನು ಚನ್ನಪಟ್ಟಣದ ನನ್ನ ಗೆಳೆಯ. ಪಿಯುಸಿಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಒಟ್ಟಿಗೆ ಫೇಲಾದವರು ನಾವು. ಅವನ ಮನೆಯವರು ತಲೆಮಾರುಗಳಿಂದ ಮರದ ಗೊಂಬೆ ಮಾಡುವ ಸಾಬರು. ಪ್ಲಾಸ್ಟಿಕ್ಕಿನ ಆಟಿಕೆಗಳು ಬಂದು ಸುರಿದ ಮೇಲೆ ಅವರ ಮನೆಯ ಮರ ಕಡೆಯುವ ಲೇತುಗಳು ಹೆಚ್ಚು ಹೊತ್ತು ಸುಮ್ಮನೆ ನಿಲ್ಲತೊಡಗಿದ್ದವು. ಇವನು ಸಂಜೆ ಕ್ಲಾಸಿಗೆ ಹೋಗಿ ಕಂಪ್ಯೂಟರಿಗೆ ಹೇಳಿಕೊಡುವ ಭಾಷೆ ಕಲಿತ. ಕಲಿತದ್ದರಲ್ಲಿ ಏನು ಮಾಡುವುದು ಎಂದು ಯೋಚಿಸಿ, ನನ್ನ ಅಂಗಡಿಯ ಮೂಲೆಯ ಮಿಷನ್ನಿನಲ್ಲಿ ಕೂತು, ತಿಂಗಳುಗಟ್ಟಲೆ ಕಣ್ಣು ಕೆಂಪು ಮಾಡಿಕೊಂಡು ಒಂದು ಆಟ ಕಟ್ಟಿದ. ಅದರ ಹೆಸರು ಜೇನುಬಂಡೆ.

ನಾವು ಚಿಕ್ಕವರಿದ್ದಾಗ ಟಿವಿಗೆ ಕ್ಯಾಸೆಟ್ಟು ಸಿಕ್ಕಿಸಿ ಆಡುತ್ತಿದ್ದ ಆಟಗಳ ಜಾತಿಯದು ಅದು. ಎಲ್ಲವೂ ದಪ್ಪ ದಪ್ಪ ಚುಕ್ಕಿ. ಚಡ್ಡಿ ಹಾಕಿ ತಲೆಗೆ ಟವೆಲ್ ಸುತ್ತಿದ ಒಬ್ಬ ಮನುಷ್ಯ ನಮ್ಮೂರಿನ ಬೆಟ್ಟದಂಥ ಬೆಟ್ಟವನ್ನು ಬಂಡೆಯಿಂದ ಬಂಡೆಗೆ ನೆಗೆಯುತ್ತ ಹತ್ತಬೇಕು. ತುದಿಯಲ್ಲಿ ಹೆಜ್ಜೇನಿದೆ, ಅದನ್ನು ಇಳಿಸಬೇಕು. ನಡುವೆ ರಣಹದ್ದು ಎರಗುತ್ತದೆ. ಜೇನುಹುಳ ಅಟ್ಟಿಸಿಕೊಂಡು ಬರುತ್ತದೆ. ಕಲ್ಲುಕ್ವಾರಿಯವರು ಸಿಡಿಮದ್ದು ಹಾರಿಸಿ ಕಾಲ ಕೆಳಗಿನ ಬಂಡೆಯನ್ನೇ ಒಡೆಯುತ್ತಾರೆ. ಅವನ ಕೈಯಲ್ಲಿರುವುದು ಎಸೆಯಲು ಒಂದಿಷ್ಟು ಕಲ್ಲು. ಬಿದ್ದರೆ ಮತ್ತೆ ಬೆಟ್ಟದ ಬುಡದಿಂದ ಶುರು. ನಡುವೆ ನಿಲ್ಲುವ ಜಾಗವಿಲ್ಲ, ಎರಡನೇ ಜೀವವಿಲ್ಲ, ಅಯ್ಯೋ ಪಾಪ ಅನ್ನುವವರಿಲ್ಲ. ನಾನು ಮೊದಲ ಹದ್ದನ್ನು ದಾಟಿ ಆಚೆಗೆ ಹೋದವನೇ ಅಲ್ಲ. ಅಂಗಡಿ ಮಾಲೀಕನಿಗೆ ಅಷ್ಟು ಸಾಕು ಎಂದು ಎದ್ದುಬಿಟ್ಟೆ.

ಈ ಆಟಕ್ಕೆ ಅವನ ಮುಂದಿನ ಬದುಕು ಕಟ್ಟಿಕೊಂಡಿತ್ತು. ಅವನ ಅಣ್ಣ ಬಿಡದಿಯ ಒಂದು ಫ್ಯಾಕ್ಟರಿಯಲ್ಲಿ ಕಾಂಟ್ರಾಕ್ಟ್ ಕೆಲಸ ಗೊತ್ತು ಮಾಡಿದ್ದ. ಆಯುಧಪೂಜೆ ಕಳೆದ ಮೇಲೆ ಹೊಸ ಆಳುಗಳನ್ನು ತೆಗೆದುಕೊಳ್ಳುತ್ತಾರೆ, ಅಷ್ಟರೊಳಗೆ ಹೂಂ ಅನ್ನಬೇಕು. ಗೆಳೆಯ ಅಣ್ಣನಲ್ಲಿ ಗಡುವು ಬೇಡಿದ್ದ. ಜನ ಈ ಆಟವನ್ನು ಒಪ್ಪಿಕೊಂಡರೆ ಇದೇ ನನ್ನ ಕಸುಬು, ಒಪ್ಪದಿದ್ದರೆ ನಿನ್ನ ಫ್ಯಾಕ್ಟರಿಗೆ ಬಾಯಿ ಮುಚ್ಚಿಕೊಂಡು ಬರುತ್ತೇನೆ ಎಂದಿದ್ದ. ಅಣ್ಣ ಒಪ್ಪಿದ. ಜನ ಎಂದರೆ ನನ್ನ ಅಂಗಡಿಯ ಗಿರಾಕಿಗಳು. ಇವನ ಹಣೆಬರಹ ಬರೆಯಲು ದೇವರು ಎಂಥವರನ್ನು ಕೂರಿಸಿದ್ದ ನೋಡಿ.

ಅವರಲ್ಲಿ ಮೊದಲನೆಯವನು ಬಿ.ಎಸ್ಸಿ. ಓದುತ್ತಿದ್ದ ಒಬ್ಬ. ಹಳೇ ಪೇಪರ್ ಅಂಗಡಿಯಲ್ಲಿ ಸಿಗುವ ಇಂಗ್ಲಿಷ್ ಕಂಪ್ಯೂಟರ್ ಪತ್ರಿಕೆಗಳನ್ನು ಓದಿ ತಲೆ ತುಂಬಿಸಿಕೊಂಡಿದ್ದ. ಅವನು ಆಡುವುದು ಕಡಿಮೆ, ಅಭಿಪ್ರಾಯ ಹೆಚ್ಚು. ಪ್ರಪಂಚ ಎಲ್ಲಿಗೋ ಹೋಗಿರುವಾಗ ಇವನು ಇನ್ನೂ ಚುಕ್ಕಿ ಇಟ್ಟು ರಂಗೋಲಿ ಹಾಕುತ್ತಿದ್ದಾನೆ ಎಂದ. ಮನುಷ್ಯನಿಗೆ ಮೂಗಿಲ್ಲ ಎಂದ. ಮೂಗಿಲ್ಲದವನ ಕಷ್ಟಕ್ಕೆ ತನಗೆ ಕರುಳು ಚುರುಕ್ ಅನ್ನುವುದಾದರೂ ಹೇಗೆ ಎಂದು ಕೇಳಿದ. ಹೀಗೆ ಕೇಳುತ್ತ ಕೇಳುತ್ತ ಇಡೀ ಭಾನುವಾರ ಅದೇ ಮೂಗಿಲ್ಲದವನನ್ನು ಬೆಟ್ಟಕ್ಕೆ ಹತ್ತಿಸಿ ಕೊಂದ. ಅವನಮ್ಮ ಊಟಕ್ಕೆ ಕರೆಯಲು ಅಂಗಡಿ ಬಾಗಿಲಿಗೇ ಬಂದರು.

ಎರಡನೆಯವನು ಬೂದು ಯೂನಿಫಾರಂನವನು. ಇವನ ಪ್ರಕಾರ ಆಟದಲ್ಲಿ ತಪ್ಪಿರಲಿಲ್ಲ, ತಪ್ಪೆಲ್ಲ ನನ್ನ ಕೀಬೋರ್ಡಿನದು. ತಾನು ಸರಿಯಾಗಿ ನೆಗೆದರೂ ಗುಂಡಿ ಹೇಳಿದ ಮಾತು ಕೇಳುವುದಿಲ್ಲವಂತೆ. ಕೀಬೋರ್ಡು ಬದಲಿಸಿದೆ. ಆಮೇಲೆ ಕುರ್ಚಿ ತಗ್ಗು. ಕುರ್ಚಿ ಬದಲಿಸಿದೆ. ಫ್ಯಾನಿನ ಗಾಳಿ ಕಣ್ಣಿಗೆ ಹೊಡೆಯುತ್ತದೆ. ಬೇಕಾದರೆ ಬೆಟ್ಟವನ್ನೇ ಒಸಿ ಎಡಕ್ಕೆ ಸರಿಸಿ ಕೊಡಲೇ ಎಂದು ಕೇಳಿದೆ. ಅವನಿಗೆ ನನ್ನ ಮಾತು ಕೇಳಿಸಲಿಲ್ಲ, ಜೇನುಹುಳ ಅಟ್ಟಿಸಿಕೊಂಡು ಬರುತ್ತಿತ್ತು. ಸತ್ತಾಗಲೆಲ್ಲ ಮೇಜು ಗುದ್ದಿ, ಇನ್ನು ಈ ಅಂಗಡಿಗೆ ಕಾಲಿಟ್ಟರೆ ಕೇಳಿ ಎಂದು ಶಪಥ ಮಾಡಿ ಎದ್ದು ಹೋಗುತ್ತಿದ್ದ. ಮಾರನೇ ದಿನ ಬಸ್ಸು ನಿಲ್ಲುವುದರೊಳಗೇ ಇಳಿದು ಓಡಿ ಬರುತ್ತಿದ್ದ.

ಆದರೆ ಇವರೆಲ್ಲ ಚಿಲ್ಲರೆ. ಬೈಗುಳದಲ್ಲಿ ಸಗಟು ವ್ಯಾಪಾರಿ ಎಂದರೆ ರೀಲರು. ನೂಲು ತೆಗೆಯುವ ಮನೆತನದ ದೊಡ್ಡ ಮಗ, ನಮಗಿಂತ ನಾಲ್ಕೈದು ವರ್ಷ ದೊಡ್ಡವನು. ಬೆಳಗ್ಗೆ ಮಾರುಕಟ್ಟೆಯ ಹರಾಜಿನಲ್ಲಿ ಗೂಡು ಕೂಗಿ, ಕೊಂಡ ಮೂಟೆಗಳನ್ನು ಮನೆಗೆ ಕಳಿಸಿ, ಮೈಯೆಲ್ಲ ಬೇಯಿಸಿದ ಹುಳದ ವಾಸನೆ ಹೊತ್ತು ಸೀದಾ ನನ್ನ ಅಂಗಡಿಗೆ ಬರುತ್ತಿದ್ದ. ಅವನೂ ನನ್ನ ಗೆಳೆಯನೂ ಉರ್ದುವಿನಲ್ಲಿ ಮಾತಾಡಿಕೊಳ್ಳಬಹುದಿತ್ತು, ಆದರೆ ರೀಲರಿಗೆ ಬೈಯುವುದಕ್ಕೆ ಕನ್ನಡವೇ ಆಗಬೇಕು. ಬೈದದ್ದು ಅಂಗಡಿಗೆಲ್ಲ ತಿಳಿಯದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಮಾರುಕಟ್ಟೆಯ ಮಾತುಗಳನ್ನೆಲ್ಲ ಹಾಗೇ ಹೊತ್ತು ತಂದು ಆಟದ ಮೇಲೆ ಸುರಿದ. ಈ ಆಟ ಜಳ್ಳು. ಇದಕ್ಕೆ ಊಜಿ ಬಿದ್ದಿದೆ. ಇದನ್ನು ಕಟ್ಟಿದವನ ಕೈಗೆ ಸುಣ್ಣ ಹಚ್ಚಬೇಕು. ಹದ್ದು ಬರುವುದಕ್ಕೆ ಹೊತ್ತುಗೊತ್ತಿಲ್ಲ, ಬಂಡೆಗೆ ಮಾನಮರ್ಯಾದೆ ಇಲ್ಲ. ಇಷ್ಟೆಲ್ಲ ಅಂದು, ಕಣ್ಣು ತೆರೆಯ ಮೇಲಿಂದ ಕದಲಿಸದೆ, ಇನ್ನೊಂದು ಗಂಟೆ ಬರಕೊಳ್ಳಪ್ಪ ಅನ್ನುತ್ತಿದ್ದ. ಉಳಿದ ಮೂರು ಕಂಪ್ಯೂಟರು ಖಾಲಿ ಇದ್ದರೂ ಮೂಲೆಯದರ ಮುಂದೆ ಜನ ಒಬ್ಬರ ಭುಜದ ಮೇಲೊಬ್ಬರು ಕತ್ತು ಚಾಚಿ ನಿಲ್ಲುತ್ತಿದ್ದರು. ನಿಂತವರೂ ಸುಮ್ಮನಿರದೆ ತಮ್ಮ ಪಾಲಿನ ಬೈಗುಳ ಸೇರಿಸುತ್ತಿದ್ದರು.

ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಗೂಡು ಬೆಳೆಯುವವರ ಮನೆಯಲ್ಲಿ ಹುಟ್ಟಿದವನು ನಾನು, ಇಷ್ಟೊಂದು ಬೈಗುಳ ಬಿದ್ದ ಲಾಟನ್ನು ಬೇರೆಲ್ಲೂ ನೋಡಿರಲಿಲ್ಲ. ಆದರೆ ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂತ ಚನ್ನಪಟ್ಟಣದವನ ಮುಖ ದಿನದಿಂದ ದಿನಕ್ಕೆ ಇಳಿಯುತ್ತ ಬಂತು.

ಅವರ ಮನೆಯ ರೀತಿಯೇ ಬೇರೆ. ಅವನ ಅಜ್ಜ ಗೊಂಬೆಯನ್ನು ಲೇತಿನಿಂದ ತೆಗೆದ ಕೂಡಲೇ ಹೆಬ್ಬೆರಳಿನಲ್ಲಿ ಸವರುತ್ತಿದ್ದರಂತೆ. ಎಲ್ಲಾದರೂ ಎಳೆಯಷ್ಟು ಚುಚ್ಚಿದರೆ, ಚುಚ್ಚುತ್ತದೆ ಎಂದು ವಾಪಸ್ ಕೊಡುತ್ತಿದ್ದರು. ಚುಚ್ಚದಿದ್ದರೆ ಚೆನ್ನಾಗಿದೆ ಎಂದು ಬುಟ್ಟಿಗೆ ಹಾಕುತ್ತಿದ್ದರು. ಎರಡೇ ಮಾತು, ಎರಡಕ್ಕೂ ಒಂದೊಂದೇ ಅರ್ಥ. ಮಗು ಬಾಯಿಗಿಟ್ಟುಕೊಳ್ಳುವ ಸಾಮಾನು, ಅಲ್ಲಿ ತಮಾಷೆ ನಡೆಯುವುದಿಲ್ಲ. ತಪ್ಪು ಹೇಳಿದರೆ ತಿದ್ದಬೇಕು, ಮರುಮಾತಿಲ್ಲ. ಹಾಗೆ ಬೆಳೆದವನನ್ನು ತಂದು ಗೂಡಿನ ಮಾರುಕಟ್ಟೆಯ ಬಾಯಿಗೆ ಕೊಟ್ಟರೆ ಏನಾಗಬೇಕೋ ಅದೇ ಆಯಿತು.

ನಾನು ಒಂದು ದಿನ ಅವನನ್ನು ಹೊರಗೆ ಕರೆದು ಬಿಡಿಸಿ ಹೇಳಿದೆ.

"ಲೇ, ಅಷ್ಟು ಬೈತಾವ್ರೆ ಅಂದ್ರೆ ಹಿಡುಸ್ಬುಟ್ಟೈತೆ ಅಂತ ಕಣ್ಲಾ. ನಮ್ಮೂರೇ ಹಂಗೆ."

"ಸಮಾಧಾನ ಮಾಡಕ್ ಬರಬ್ಯಾಡ ಗೌಡ," ಅಂದ. "ಕೆಟ್ಟದು ಅಂದ್ರೆ ಕೆಟ್ಟದು ಅಂತಾನೆ ಅರ್ಥ. ಒಬ್ಬ ಅಂದಿದ್ರೆ ಬುಡ್ಬೋದಿತ್ತು, ಎಲ್ರೂ ಅಂತಾವ್ರಲ್ಲ."

ಗೂಡಿನ ಕಥೆ, ಉಪ್ಪಿಟ್ಟಿನ ಕಥೆ ಎಲ್ಲ ಹೇಳಿದೆ. ನಕ್ಕು, ನಿನಗೆ ಅಂಗಡಿ ನಡೆಯಬೇಕು, ಅದಕ್ಕೆ ಹೀಗೆ ಹೇಳುತ್ತೀಯ ಎಂದ. ಅವತ್ತಿನಿಂದ ತಿದ್ದಲು ಕೂತ.

ಮೊದಲು ಮೂರು ಜೀವ ಕೊಟ್ಟ. ಬೈಗುಳ ನಿಲ್ಲಲಿಲ್ಲ. ಬಿದ್ದವನು ಬುಡಕ್ಕೆ ಹೋಗದೆ ಕೆಳಗಿನ ಬಂಡೆಯಲ್ಲೇ ನಿಲ್ಲುವಂತೆ ಮಾಡಿದ. ಬೈಗುಳ ಸ್ವಲ್ಪ ಕಡಿಮೆಯಾಯಿತು, ಅವನಿಗೆ ಹುರುಪು ಬಂತು. ಹದ್ದಿನ ವೇಗ ಇಳಿಸಿದ. ಜೇನುಹುಳಕ್ಕೆ ಕಚ್ಚುವುದನ್ನು ಮರೆಸಿದ. ಕ್ವಾರಿಯವರು ಸಿಡಿಮದ್ದು ಹಾರಿಸುವ ಮೊದಲು ಕೆಂಪು ಬಾವುಟ ತೋರಿಸತೊಡಗಿದರು. ನಿಜವಾದ ಕ್ವಾರಿಯವರೇ ಅಷ್ಟು ಮರ್ಯಾದಸ್ಥರಲ್ಲ. ಮೂಗು ಬೇಕೆಂದಿದ್ದ ಬಿ.ಎಸ್ಸಿ.ಯವನಿಗಾಗಿ ಮನುಷ್ಯನಿಗೆ ಮೂಗೂ ಬಂತು. ಕೊನೆಗೆ ಕಡಿದಾದ ಜಾಗದಲ್ಲಿ ಹಿಡಿದುಕೊಂಡು ಹತ್ತಲು ಒಂದು ಹಗ್ಗ ಇಳಿಬಿಟ್ಟ. ಎಲ್ಲೆಲ್ಲಿ ಚುಚ್ಚುತ್ತದೆ ಎಂದಿದ್ದರೋ ಅಲ್ಲೆಲ್ಲ ಮರಳುಕಾಗದ ಹಾಕಿ ಉಜ್ಜಿದ. ಹಳೆಯದನ್ನು ಬೇರೆ ಎತ್ತಿಡುವುದು ಅವನಿಗೆ ಹೊಳೆಯಲಿಲ್ಲ. ಚುಚ್ಚುವ ಗೊಂಬೆಯನ್ನು ಯಾರಾದರೂ ಜೋಪಾನ ಮಾಡುತ್ತಾರೆಯೇ, ಅದರ ಮೇಲೆಯೇ ಹೊಸದನ್ನು ಬರೆಯುತ್ತ ಹೋದ.

ಈಗ ಟೀ ಬಂದು ಆರುವುದರೊಳಗೆ ಯಾರು ಬೇಕಾದರೂ ಬೆಟ್ಟದ ತುದಿ ಮುಟ್ಟಬಹುದಿತ್ತು. ಬಿ.ಎಸ್ಸಿ.ಯವನು ಮುಟ್ಟಿದ, ಮೂಗು ಬಹಳ ಮುದ್ದಾಗಿದೆ ಎಂದ. ಯೂನಿಫಾರಂನವನು ಮುಟ್ಟಿದ, ಮೇಜು ಗುದ್ದಲಿಲ್ಲ, ಕುರ್ಚಿಗೆ ಬಯ್ಯಲಿಲ್ಲ, ತುಂಬ ಚೆನ್ನಾಗಿದೆ ಎಂದು ಎದ್ದು ಕಾರಿನ ಆಟಕ್ಕೆ ಹೋದ. ರೀಲರೂ ಮುಟ್ಟಿದ. ತುದಿಯಲ್ಲಿ ಜೇನು ಇಳಿಸಿ ಒಂದು ಗಳಿಗೆ ತೆರೆಯನ್ನೇ ನೋಡುತ್ತ ಕೂತಿದ್ದು, ಬಂಗಾರದಂಥ ಆಟ ಭಾಯ್ ಎಂದು ಗೆಳೆಯನ ಬೆನ್ನು ತಟ್ಟಿದ. ನನಗೆ ಅಪ್ಪನ ಬೀಡಿ ನೆನಪಾಯಿತು.

ಗೆಳೆಯನ ಸಂತೋಷ ಮಾತ್ರ ಹೇಳತೀರದು. ಮಾರನೇ ದಿನ ಮೈಸೂರುಪಾಕು ತಂದು ಅಂಗಡಿಗೆಲ್ಲ ಹಂಚಿದ. ಗಿರಾಕಿಗಳು ತಿಂದು ಅದನ್ನೂ ಚೆನ್ನಾಗಿದೆ ಎಂದರು. ಫ್ಯಾಕ್ಟರಿಗೆ ಬರುವುದಿಲ್ಲ ಎಂದು ಅಣ್ಣನಿಗೆ ಹೇಳಿಯೂ ಬಂದಿದ್ದ. ಅಣ್ಣ ಪಾಪ ಬುದ್ಧಿವಂತ, ಇನ್ನೊಂದು ವಾರ ನೋಡು, ಆಯುಧಪೂಜೆ ಮುಗಿಯಲಿ, ಆಮೇಲೆ ಕಡೇ ಮಾತು ಹೇಳು ಎಂದಿದ್ದ. ಆ ಒಂದು ವಾರ ಗೆಳೆಯ ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತು ಮೂಲೆಯ ಕಂಪ್ಯೂಟರನ್ನು ನೋಡಿದ. ಅದರ ಮುಂದಿನ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ನನಗೇ ನೋಡಲಾಗದೆ ಒಮ್ಮೆ ಅದರ ಮೇಲೆ ಹಳೇ ಪೇಪರಿನ ಕಟ್ಟು ಇಟ್ಟೆ, ಯಾರೋ ಕಾದಿರಿಸಿದ್ದಾರೆ ಎಂದಾದರೂ ಅನ್ನಿಸಲಿ ಎಂದು. ಅವನು ಕಟ್ಟನ್ನು ತೆಗೆದು ಕೆಳಗಿಟ್ಟ.

"ಎಲ್ರೂ ಚೆನ್ನಾಗೈತೆ ಅಂದ್ರಲ್ಲ ಗೌಡ," ಅಂದ. "ಮತ್ತೆ ಯಾಕ್ ಯಾರೂ ಮುಟ್ತಿಲ್ಲ?"

ಹೇಳಿದ್ದನ್ನೇ ಮತ್ತೆ ಎಷ್ಟು ಸಲ ಹೇಳುವುದು? ಅವನ ಮೇಲೂ ಸಿಟ್ಟು ಬಂತು, ಊರಿನ ಮೇಲೂ ಬಂತು.

ಆಯುಧಪೂಜೆಯ ಮಾರನೇ ದಿನ ಮಧ್ಯಾಹ್ನ ರೀಲರು ಬಂದ. ಹಣೆಯ ಬೆವರೊರೆಸಿಕೊಂಡು ಮೂಲೆಯ ಕಂಪ್ಯೂಟರಿನ ಹತ್ತಿರ ಹೋಗಿ, ನಿಂತುಕೊಂಡೇ ಗುಂಡಿಗಳ ಮೇಲೆ ಬೆರಳಾಡಿಸಿ, ಆ ಹಳೇದು ಹಾಕು ಭಾಯ್ ಎಂದ. ಗೆಳೆಯ ಸ್ಟೂಲಿನಿಂದ ಎದ್ದ. ಹಳೆಯದು ಇಲ್ಲ, ಆದರೆ ಮತ್ತೆ ಕಟ್ಟಬಹುದು, ಎಲ್ಲ ತಲೆಯಲ್ಲಿದೆ ಎಂದ. ಸಂಜೆ ಅಣ್ಣನಿಗೆ ಕಡೇ ಮಾತು ಹೇಳಬೇಕಾಗಿತ್ತು. ಅದಕ್ಕೆ ಮೊದಲು ರೀಲರು ಬಾಯ್ಬಿಟ್ಟು ಒಂದು ಒಳ್ಳೇ ಮಾತು ಹೇಳಿದರೆ ಸಾಕಿತ್ತು.

"ಅದ್ರಲ್ಲಿ ನಿಮಗೆ ಏನ್ ಹಿಡಿಸ್ತು ಭಾಯ್?" ಎಂದು ಗೆಳೆಯ ಕೇಳಿದ. "ಒಂದೇ ಒಂದು ಹೇಳಿ, ಸಾಕು."

ರೀಲರು ಸುತ್ತ ನೋಡಿದ. ಅಂಗಡಿಯಲ್ಲಿ ನಾಲ್ಕು ಜನರಿದ್ದರು. ನಾಲ್ಕು ಜನರ ಎದುರಿಗೆ, ತನಗೆ ಬೇಕಾದ ಸಾಮಾನನ್ನು, ಅದರ ಧಣಿಯ ಮುಖ ನೋಡಿಕೊಂಡು ಚೆನ್ನಾಗಿದೆ ಅನ್ನುವುದು ಅವನ ಜನ್ಮದಲ್ಲಿ ಆಗದ ಕೆಲಸ. ಕತ್ತು ಕೆರೆದುಕೊಂಡ. ಗಂಟಲು ಸರಿಮಾಡಿಕೊಂಡ. ಆಮೇಲೆ ಶುರುಮಾಡಿದ.

"ಹಿಡಿಸೋದ್ ಏನೈತೆ ಅದ್ರಲ್ಲಿ, ದರಿದ್ರದ್ದು. ಆ ಬೋಳುಬಂಡೆ ಐತಲ್ಲ, ಅದ್ರ್ ಮ್ಯಾಲೆ ಒಸಿ ನಿಂತ್ರೆ ಸಾಕು, ಬೆನ್ನಿಂದೆಯಿಂದ ಹದ್ದು ಬತ್ತದೆ. ಅದುನ್ನ ತಪ್ಪುಸ್ಕಂಡು ನೆಗುದ್ರೆ ಕಾಲ್ ಕೆಳಗ್ಲ ಕಲ್ಲೇ ಸಿಡೀತದೆ. ಸಿಡಿಯಕ್ ಮುಂಚೆ ಸಣ್ಣಕೊಂದು ಸದ್ದು ಬರೋದು, ಕಿವಿಗೊಟ್ಟು ಕೂರ್ಬೇಕು. ಅದ್ರಾಚೆ ಹುಳ. ಕಲ್ಲು ಉಳುಸ್ಕಂಡಿಲ್ದಿದ್ರೆ ಮುಗೀತು ಕಥೆ. ನಿದ್ದೆಲೂ ಅದೇ ಬತ್ತಿತ್ತು, ಹಾಳಾದ್ದು."

ಹೇಳುತ್ತ ಹೇಳುತ್ತ ಅವನ ಬೆರಳುಗಳು ಗಾಳಿಯಲ್ಲೇ ಗುಂಡಿ ಒತ್ತುತ್ತಿದ್ದವು. ಆ ಬೆಟ್ಟದ ಒಂದೊಂದು ಕಲ್ಲೂ ಅವನಿಗೆ ಬಾಯಿಪಾಠವಾಗಿತ್ತು, ಕಟ್ಟಿದವನಿಗೂ ಅಷ್ಟು ಇತ್ತೋ ಇಲ್ಲವೋ. ನನಗಂತೂ ಅಷ್ಟು ಪ್ರೀತಿಯಿಂದ ಒಬ್ಬ ಗಂಡಸು ಮಾತಾಡಿದ್ದು ಅದಕ್ಕೆ ಮುಂಚೆ ಕೇಳಿದ ನೆನಪಿಲ್ಲ. ಗೆಳೆಯನೂ ಕೇಳಿದ. ಮಾತು ಮುಗಿಯುವವರೆಗೆ ಒಂದೊಂದಕ್ಕೂ ತಲೆಯಾಡಿಸಿದ.

"ಅದ್ನೆಲ್ಲಾ ತೆಗ್ದಾಕಿದ್ದೀನಲ್ಲ ಭಾಯ್," ಅಂದ. "ಈಗ ಅದ್ಯಾವ್ದೂ ಇಲ್ಲ."

ಸ್ಟೂಲಿನ ಮೇಲಿದ್ದ ಟಿಫಿನ್ ಡಬ್ಬಿ ತೆಗೆದುಕೊಂಡು, ನನಗೆ ಬತ್ತೀನಿ ಎಂದು ಹೇಳಿ, ಚನ್ನಪಟ್ಟಣದ ಬಸ್ಸಿಗೆ ಹೊರಟುಹೋದ. ನಾನು ರೀಲರ ಜನ್ಮ ಜಾಲಾಡಿದೆ. ಚೆನ್ನಾಗಿತ್ತು ಅನ್ನುವ ಒಂದು ಮಾತು ಉದುರಿಸಿದ್ದರೆ ನಿನ್ನ ಮನೆಯ ಯಾವ ಗಂಟು ಹೋಗುತ್ತಿತ್ತು ಎಂದು ಕೇಳಿದೆ. ಅವನು ನಿಜವಾಗಿಯೂ ತಬ್ಬಿಬ್ಬಾದ.

"ಚೆನ್ನಾಗಿಲ್ದಿದ್ರೆ ನಾನ್ಯಾಕ್ ಬೈತಿದ್ದೆ ಗೌಡ?" ಎಂದ.

ಆ ಮಾತನ್ನು ಹೊತ್ತುಕೊಂಡು ಸಂಜೆ ಗೆಳೆಯನಿಗೆ ಫೋನ್ ಮಾಡಿದೆ. ಅಣ್ಣನಿಗೆ ಆಗಲೇ ಹೂಂ ಅಂದಾಗಿತ್ತು, ಅಣ್ಣ ಯೂನಿಫಾರಂ ಕೂಡ ತಂದಿಟ್ಟಿದ್ದ. ಆದರೂ ರೀಲರು ಹೇಳಿದ್ದನ್ನು ಹೇಳಿದೆ. ಅವರು ಬಾಯ್ಬಿಟ್ಟು ಚೆನ್ನಾಗಿತ್ತು ಅಂದರೇ ಎಂದು ಕೇಳಿದ. ಸುಳ್ಳು ಹೇಳಬಹುದಿತ್ತು. ಆದರೆ ಅವನು ಆ ಮಾತಿಗೆ ಒಂದೇ ಅರ್ಥವಿರುವ ಮನೆಯಿಂದ ಬಂದವನು, ಅವನಿಗೆ ಸುಳ್ಳು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಹಾಗೆ ಅನ್ನಲಿಲ್ಲ, ಆದರೆ ಅದರರ್ಥ ಅದೇ ಎಂದೆ.

"ಇರ್ಲಿ ಬುಡು," ಅಂದ. "ನಾಳೆ ಬೆಳಗ್ಗೆನೇ ಬಸ್ಸಂತೆ. ಯೂನಿಫಾರಂ ಇಸ್ತ್ರಿ ಮಾಡ್ಕಬೇಕು."